ಹೃದಯ ನಿಂತಿತು ಎಂದು ಬರೆದರೆ ಸಾಲದು



1995ರಲ್ಲಿ ಜಪಾನಿನ ಲೆಕ್ಕಪತ್ರಗಳಲ್ಲಿ ಹೃದ್ರೋಗದ ಸಾವುಗಳು ಥಟ್ಟನೆ ಇಳಿದವು, ಪಾರ್ಶ್ವವಾಯುವಿನ ಸಾವುಗಳು ಏರಿದವು. ಹೊಸ ಔಷಧಿಯೇನೂ ಬಂದಿರಲಿಲ್ಲ, ಜನರ ಊಟವೂ ಬದಲಾಗಿರಲಿಲ್ಲ. ಬದಲಾದದ್ದು ಮರಣಪತ್ರದ ನಮೂನೆ. ಸಾವಿನ ಕೊನೆಯ ಸ್ಥಿತಿ ಎಂದು ‘ಹೃದಯ ವೈಫಲ್ಯ’, ‘ಉಸಿರಾಟದ ವೈಫಲ್ಯ’ ಬರೆಯಬೇಡಿ ಎಂಬ ಸೂಚನೆಯನ್ನು ಅದರ ಮೇಲೆ ಅಚ್ಚು ಹಾಕಿದ್ದರು. ರೋಗಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯ ಹತ್ತನೆಯ ಆವೃತ್ತಿಯೂ ಆಗಲೇ ಅಲ್ಲಿ ಜಾರಿಗೆ ಬಂತು.

ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ. ‘ಕಾರ್ಡಿಯಾಕ್ ಅರೆಸ್ಟ್’ ಎಂದು ಬರೆದರೆ ಸತ್ತರು ಎಂದಷ್ಟೇ ಹೇಳಿದಂತಾಯಿತು. ನಮ್ಮ ಆಸ್ಪತ್ರೆಗಳಲ್ಲಿ ವೈದ್ಯರು ತುಂಬುವ ನಮೂನೆ 4 ಕೇಳುವುದೇ ಬೇರೆ. ಅದರ ಮೊದಲ ಭಾಗದ ಮೇಲಿನ ಸಾಲಿನಲ್ಲಿ ಸಾವಿನ ನೇರ ಕಾರಣ ಬರೆಯಬೇಕು. ಅದು ಯಾತರಿಂದ ಬಂತು ಎಂಬುದು ಕೆಳಗಿನ ಸಾಲಿಗೆ, ಅದಕ್ಕೂ ಮೂಲ ಯಾವುದು ಎಂಬುದು ಇನ್ನೂ ಕೆಳಕ್ಕೆ. ಒಬ್ಬ ಹಿರಿಯರಿಗೆ ಲಕ್ವ ಹೊಡೆಯಿತು ಎನ್ನಿ. ಹಾಸಿಗೆ ಹಿಡಿದರು, ಸರಿಯಾಗಿ ನುಂಗಲಾರದೆ ಗಂಜಿ ಶ್ವಾಸಕೋಶಕ್ಕಿಳಿಯಿತು, ನ್ಯುಮೋನಿಯಾ ಆಗಿ ತೀರಿಕೊಂಡರು. ಮೇಲೆ ನ್ಯುಮೋನಿಯಾ, ಕೆಳಗೆ ಲಕ್ವ. ದೇಶದ ಲೆಕ್ಕಕ್ಕೆ ಹೋಗಬೇಕಾದದ್ದು ಲಕ್ವ. ಆದರೆ ರಾತ್ರಿ ಪಾಳಿಯ ಕಿರಿಯ ವೈದ್ಯರು ಆ ರೋಗಿಯನ್ನು ಅಂದೇ ಮೊದಲು ನೋಡಿರುತ್ತಾರೆ, ಹೊರಗೆ ಮನೆಯವರು ಶವಕ್ಕಾಗಿ ಕಾದಿರುತ್ತಾರೆ. ‘ಅರೆಸ್ಟ್’ ಎಂದು ಗೀಚಿ ಸಹಿ ಹಾಕುವುದು ಸುಲಭ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಈ ಕಾಗದ ತುಂಬುವುದನ್ನು ಯಾರಾದರೂ ಪಕ್ಕದಲ್ಲಿ ಕೂತು ಕಲಿಸಬೇಕಲ್ಲ!

ಶ್ರೀಮಂತ ದೇಶಗಳಲ್ಲೂ ಈ ತೊಡಕು ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ಗಮನಿಸುತ್ತ ಬಂದಿದ್ದಾರೆ. ಅಲ್ಲಿ ಸತ್ತವರ ದಾಖಲೆಗಳನ್ನು ವೈದ್ಯರ ಮಂಡಳಿ ಓದಿ ನಿರ್ಧರಿಸಿದ ಕಾರಣವನ್ನು ಮರಣಪತ್ರದ ಜೊತೆ ಇಟ್ಟು ನೋಡಿ, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಹೃದಯದ ರಕ್ತನಾಳಗಳ ಕಾಯಿಲೆಯ ಸಾವನ್ನು ಮರಣಪತ್ರಗಳು ಸುಮಾರು ಶೇ 24ರಷ್ಟು ಹೆಚ್ಚಾಗಿ ತೋರಿಸಿದ್ದವು. 85 ದಾಟಿದವರಲ್ಲಂತೂ ಎರಡು ಪಟ್ಟು. ವಯಸ್ಸಾದವರು ಮಲಗಿದಲ್ಲೇ ಹೋದರೆ ಎಲ್ಲರಿಗೂ ಮೊದಲು ಹೊಳೆಯುವುದು ಹೃದಯವೇ.

ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಅವುಗಳಲ್ಲಿ ಶೇ 32ರಷ್ಟು ಹೃದಯ ಮತ್ತು ರಕ್ತನಾಳಗಳ ಕಾಯಿಲೆಗೆ ಸೇರಿದವು. ಲಕ್ವವೂ ಇದರಲ್ಲೇ ಬರುತ್ತದೆ. ಉಳಿದವರ ಕಥೆ? ಪ್ರಭಾತ್ ಝಾ ಅವರ ನೇತೃತ್ವದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ, ಸಾಯುವ ಮುಂಚೆ ಏನಾಯಿತು ಎಂದು ಕೇಳಿ ಬರೆದುಕೊಂಡರು. ಅದನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಕಾರಣ ಗುರುತಿಸಿದರು. ಬಾಯಿ ಸೊಟ್ಟಗಾದದ್ದು, ಒಂದು ಕೈಕಾಲು ಬಿದ್ದುಹೋದದ್ದು ಮನೆಯವರಿಗೆ ಮರೆಯುವುದಿಲ್ಲ. ನಿದ್ದೆಯಲ್ಲೇ ಹೋದವರ ಬಗ್ಗೆ ಅವರಾದರೂ ಏನು ಹೇಳಿಯಾರು?

2025ರಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಜನ ಹೆದರಿ ಹೃದ್ರೋಗ ಆಸ್ಪತ್ರೆಗಳಿಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಒಂದೊಂದು ಸಾವನ್ನೂ ಪರಿಶೀಲಿಸಿತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಇನ್ನು ಕೆಲವುಗಳ ಬಗ್ಗೆ, ಹೃದಯದ ಕಾರಣದಿಂದ ಆಗಿರಬಹುದು ಎನ್ನುವುದಕ್ಕಿಂತ ಹೆಚ್ಚಾಗಿ ಹೇಳಲು ಆಗಲಿಲ್ಲ. ಮರಣೋತ್ತರ ಪರೀಕ್ಷೆ ಆಗದ ಮೇಲೆ ಖಚಿತವಾಗಿ ಹೇಳುವುದಾದರೂ ಹೇಗೆ?

ಬ್ಯಾಂಕಿಗೂ ವಿಮೆಗೂ ನಾವು ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ, ಕಾನೂನೇ ಅದನ್ನು ತಡೆದಿದೆ. ಹೀಗಾಗಿ ವೈದ್ಯರು ಏನು ಬರೆದರೆಂದು ಮನೆಯವರಿಗೆ ಬಹುಕಾಲ ತಿಳಿಯುತ್ತಲೇ ಇರಲಿಲ್ಲ. 2023ರ ತಿದ್ದುಪಡಿಯ ಪ್ರಕಾರ ಆಸ್ಪತ್ರೆಯವರು ಕಾರಣದ ಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡಬೇಕು. ಅದು ಕೈಗೆ ಬಂದಾಗ ಮೊದಲ ಭಾಗದ ಕೆಳಗಿನ ಸಾಲನ್ನು ಓದಿ. ಅಲ್ಲಿ ಬರೀ ಹೃದಯ ಸ್ತಂಭನ ಎಂದಿದ್ದರೆ, ಅದು ಯಾವುದರಿಂದ ಆಯಿತು ಎಂದು ವೈದ್ಯರನ್ನು ಕೇಳಿ. ಅವರ ಹತ್ತಿರ ಹಳೆಯ ಇಸಿಜಿ, ಬಿಪಿಯ ಚೀಟಿ, ಸ್ಕ್ಯಾನ್ ವರದಿ ಇಲ್ಲದಿದ್ದರೆ ಮನೆಯಿಂದ ತಂದುಕೊಡಿ.