ಬೆಂಕಿ ಎಲ್ಲಿ, ಮರ ಎಲ್ಲಿ?

ಹೊಗೆಸೊಪ್ಪು ಸೇದುವ ಪೈಪನ್ನು ಮರದಲ್ಲಿ ಕೈಯಾರೆ ಕೆತ್ತೋ ವಿಡಿಯೋಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅದನ್ನ ನೋಡಿದ ಹುಡುಗನೊಬ್ಬ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸಾ ಮಿಲ್ ಮುಂದೆ ಬಿದ್ದ ತುಂಡೊಂದನ್ನು ಎತ್ತಿಕೊಂಡು ಬಂದ ಅಂತಿಟ್ಟುಕೊಳ್ಳಿ. ಅದು ಯಾವ ಮರ? ಇವತ್ತಿನ ಮಾತು ಇದೇ.

ಮೊದಲು ನಮ್ಮ ಹಿರಿಯರ ಕೈಲಿದ್ದದ್ದನ್ನು ನೋಡಿ. ಚಿಲುಮೆ ಮಣ್ಣಿನದು, ಕುಂಬಾರರು ಸುಟ್ಟದ್ದು. ಗುಡುಗುಡಿಯಲ್ಲಿ ಕೆಂಡದ ಬಟ್ಟಲು ಮಣ್ಣಿನದು, ನೀರಿಗೆ ತೆಂಗಿನ ಚಿಪ್ಪು, ಮರ ಬರೋದು ಹೊಗೆ ಹಾಯುವ ಕೊಳವೆಗೆ ಮಾತ್ರ. ಹುಕ್ಕಾಕ್ಕಿರುವ 'ನಾರ್ಗಿಲೆ' ಅನ್ನೋ ಹೆಸರೇ ಪರ್ಷಿಯನ್ನಿನ ತೆಂಗಿನಕಾಯಿಯಿಂದ ಬಂದದ್ದು. ಬೆಂಕಿ ಮಣ್ಣಿಗೆ, ನೀರು ಚಿಪ್ಪಿಗೆ, ಹೊಗೆ ಮರಕ್ಕೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಈ ಲೆಕ್ಕಕ್ಕೆ ಒಂದು ಅಂಕವನ್ನೂ ಕಳೆಯಲಾರೆ.

ಯುರೋಪಿನ ಪೈಪು ಹಾಗಲ್ಲ, ಅಲ್ಲಿ ಕೆಂಡ ಕೂರೋದು ಮರದೊಳಗೇ. ಅದಕ್ಕೇ ಅವರು ಮೆಡಿಟರೇನಿಯನ್ ತೀರದ ಬ್ರಯರ್ ಪೊದೆಯ ಬೇರುಗಂಟನ್ನು ಹುಡುಕಿಕೊಂಡರು. ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೆತ್ತುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ 1850ರ ದಶಕದಿಂದ ಈ ಕಸುಬಿಗೆ ಹೆಸರಾದ ಊರು. ಆ ಗಂಟು ನಮ್ಮ ತೋಟದಲ್ಲಿ ಸಿಗಲ್ಲ.

ಸಿಗೋದೇನು? ಹುಣಸೆ. ಒನಕೆಗೂ ಮಾಂಸ ಕಡಿಯೋ ಕೊರಡಿಗೂ ಆಗುವಷ್ಟು ಗಟ್ಟಿ. ಆದರೆ ಗಟ್ಟಿ ಅಂದ್ರೆ ಸುಡಲ್ಲ ಅಂತಲ್ಲ, ಒಳ್ಳೇ ಕಾವು ಕೊಡೋ ಸೌದೆಯೂ ಅದೇ. ಬೀಟೆ ನೋಡೋಕೆ ಚೆಂದ, ಅದರ ಪುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತೆ. ಚನ್ನಪಟ್ಟಣದ ಬೊಂಬೆಯ ಹಾಲೆಮರ ಮೆದು, ಮೇಲಿನ ಅರಗು ಬಿಸಿಗೆ ಕರಗುತ್ತೆ. ಕಣಗಿಲೆ ಪೂರ್ತಿ ವಿಷ. ಕರಿಗೇರಿನ ಸೊನೆ ತಾಗಿದರೆ ಬೊಬ್ಬೆ ಏಳುತ್ತೆ. ಪ್ಲೈವುಡ್ಡಿನಲ್ಲಿ ಅಂಟು, ಹಳೇ ರೈಲ್ವೆ ಸ್ಲೀಪರಿನಲ್ಲಿ ಕ್ರಿಯೊಸೋಟ್ ಎಣ್ಣೆ. ಇವೆಲ್ಲ ಕಾದು ಹೊಗೆಯಾಗಿ ಹೋಗೋದು ನೇರ ಎದೆಗೂಡಿಗೆ. ಹೆಸರು ಗೊತ್ತಿಲ್ಲದ ತುಂಡನ್ನು ಬಾಯಿಗಿಡಬೇಡಿ.

ನನ್ನ ತೀರ್ಮಾನ ಇಷ್ಟೇ: ಬಟ್ಟಲು ಮಣ್ಣಿನದಿರಲಿ, ಕೊಳವೆ ಪಾಲಿಶ್ ಕಾಣದ ಒಣ ಬಿದಿರಿನದಿರಲಿ. ಹಳಬರು ಹಾಕಿಕೊಟ್ಟ ಆ ಹಂಚಿಕೆಯನ್ನು ಮೀರಿಸೋ ಮರ ನಮ್ಮ ಕಡೆ ನನಗೆ ಕಂಡಿಲ್ಲ.

ಆದರೆ ಒಂದು ಮಾತು. ಮರ ಎಷ್ಟೇ ಒಳ್ಳೇದಿದ್ದರೂ ಅದರೊಳಗಿನ ಹೊಗೆಸೊಪ್ಪು ಒಳ್ಳೇದಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ತಂಬಾಕು ಈ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನರನ್ನ ಕೊಲ್ಲುತ್ತೆ. ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಹುಕ್ಕಾವನ್ನೇ ನಿಷೇಧಿಸಿತು. ಹಿರಿಯರ ಬುದ್ಧಿಯನ್ನು ಕಲಿಯೋಣ, ಚಟವನ್ನು ಅವರ ಕಾಲಕ್ಕೇ ಬಿಟ್ಟುಬಿಡೋಣ. ಉಳಿ ಹಿಡಿಯೋ ಆಸೆ ಇದ್ದರೆ ಖಂಡಿತ ಹಿಡೀರಿ. ಹಲಸಿನ ತುಂಡೊಂದು ತಗೊಂಡು ಮನೆ ಮಗುವಿಗೊಂದು ಬುಗುರಿ ಮಾಡಿಕೊಡಿ.