ತಾತನ ಗುಂಡಿ, ಮೊಮ್ಮಗನ ಕಫ್‌ಲಿಂಕ್

(ಪದವಿ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಉಡುಪಿನ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ಆ ವಿಷಯದ ಪಂಡಿತನಲ್ಲ, ಬರಿಯ ವರದಿಗಾರ. ಆದರೆ ಒಂದು ಅಂಗಿಯ ತೋಳಿನಿಂದ ಪೇಚಿಗೆ ಸಿಕ್ಕಿ, ಆಮೇಲೆ ಅದರ ಹಿಂದೆ ಬಿದ್ದು ಒಂದಿಷ್ಟು ತಿಳಿದುಕೊಂಡವನು. ಅಷ್ಟನ್ನು ಹೇಳುತ್ತೇನೆ.

ನಮ್ಮ ದೊಡ್ಡಪ್ಪನ ಮಗನ ಆರತಕ್ಷತೆ. ಸೂಟಿನೊಳಗೆ ತೊಡಲು ಬಿಳಿ ಅಂಗಿಯನ್ನು ಬೆಂಗಳೂರಿನಿಂದ ಆರಿಸಿ ತಂದವನು ನಾನೇ. ಸಂಜೆ ಅಣ್ಣ ಅದನ್ನು ತೊಟ್ಟು ನೋಡಿದರೆ ಕಫ್ ಬೆರಳ ತುದಿಯವರೆಗೆ ಬಂದಿದೆ. ಎರಡೂ ಕಡೆ ಕಾಜಾ ಇದೆ, ಗುಂಡಿಯೇ ಇಲ್ಲ! 'ಗುಂಡಿ ಹೊಲೆಯುವುದನ್ನೇ ಮರೆತ ಅಂಗಿ ತಂದಿದ್ದೀಯಲ್ಲೋ' ಎಂದು ದೊಡ್ಡಪ್ಪ ಗದರಿದರು. ಹೊರಗೆ ವಾದ್ಯ ಶುರುವಾಗಿತ್ತು. ನಾವು ಪಿನ್ನು ಹುಡುಕುತ್ತಿದ್ದೆವು.

ಆಗ ಅಜ್ಜಿ ಬಂದರು. 'ನಿಮ್ಮ ತಾತನ ಜುಬ್ಬಕ್ಕೆ ಯಾವತ್ತಪ್ಪಾ ಗುಂಡಿ ಹೊಲೆಸಿದ್ದರು?' ಎನ್ನುತ್ತಾ ಟ್ರಂಕು ತೆಗೆದು, ಸರಪಳಿಯಿಂದ ಜೋಡಿಸಿದ್ದ ನಾಲ್ಕು ಚಿನ್ನದ ಗುಂಡಿಗಳನ್ನು ಹೊರತೆಗೆದರು. ಮಡಚಿದ ಕಫ್ ದಪ್ಪವಾಗಿದ್ದರಿಂದ ಗುಂಡಿಯ ಕಾಲು ಸಾಲಲಿಲ್ಲ. ಅಜ್ಜಿ ಸರಪಳಿ ಬಿಡಿಸಿ, ತೋಳಿನ ಆ ಕಡೆ ಒಂದು, ಈ ಕಡೆ ಒಂದು ಗುಂಡಿಯಿಟ್ಟು, ನಡುವೆ ಗಟ್ಟಿ ದಾರ ಹಾಯಿಸಿ ಬಿಗಿದರು. ಅಣ್ಣ ಮಂಟಪಕ್ಕೆ ನಡೆದ.

ಅಜ್ಜಿ ಮಾಡಿದ್ದು ಹಳೆಯ ಇಂಗ್ಲೆಂಡಿನ ಜನ ಮಾಡಿದ ಕೆಲಸವೇ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ ಮೊದಲು ಅಂಗಿಯ ತೋಳನ್ನು ದಾರದಿಂದಲೋ ರಿಬ್ಬನ್ನಿನಿಂದಲೋ ಕಟ್ಟುತ್ತಿದ್ದರು. 17ನೇ ಶತಮಾನದಲ್ಲಿ ಎರಡು ಗುಂಡಿಗಳನ್ನು ಪುಟ್ಟ ಕೊಂಡಿಯಿಂದ ಜೋಡಿಸುವ ಪದ್ಧತಿ ಬಂತು. ಕಿರೀಟದ ಕೆಳಗೆ ಎರಡು ಹೃದಯಗಳ ಚಿತ್ರವಿರುವ ಅಂಥ ಗುಂಡಿಗಳು ಇಂಗ್ಲೆಂಡಿನ ನೆಲದಲ್ಲಿ ಈಗಲೂ ಸಿಗುತ್ತವೆ. 1662ರಲ್ಲಿ ದೊರೆ ಎರಡನೇ ಚಾರ್ಲ್ಸ್ ಪೋರ್ಚುಗಲ್‌ನ ಕ್ಯಾಥರೀನಳನ್ನು ಮದುವೆಯಾದ ನೆನಪಿಗೆ ಇವು ಬಂದವೆಂದು ಹೇಳುತ್ತಾರೆ.

19ನೇ ಶತಮಾನದಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿರುಸು ಕಫ್ ಸಭ್ಯತೆಯ ಗುರುತಾಯಿತು. ಹಲಗೆಯಂಥ ಆ ಬಟ್ಟೆಗೆ ಹೊಲಿದ ಸಣ್ಣ ಗುಂಡಿ ಹಾಕುವುದು ಕಷ್ಟ. ಕಫ್‌ಲಿಂಕ್ ಅನಿವಾರ್ಯವಾಯಿತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ವಿದ್ಯುತ್ತಿನಿಂದ ಚಿನ್ನ, ಬೆಳ್ಳಿಯ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಗುಮಾಸ್ತನ ತೋಳಿಗೂ ಚಿನ್ನದ ಹೊಳಪು ಬಂತು. ಮುಂದೆ 20ನೇ ಶತಮಾನದಲ್ಲಿ ಮೆತ್ತಗಿನ, ಗುಂಡಿ ಹೊಲಿದ ಕಫ್ ದಿನಬಳಕೆಗೆ ಬಂದಾಗ, ಕಫ್‌ಲಿಂಕ್ ಸಮಾರಂಭಗಳಿಗೆ ಉಳಿಯಿತು.

ನಮ್ಮ ಹಿರಿಯರ ಚಿನ್ನದ ಗುಂಡಿಯ ಹಿಂದೆಯೂ ಇಂಥದೇ ಲೆಕ್ಕಾಚಾರವಿದೆ. ಬಟ್ಟೆ ಒಗೆಯುವ ಕಲ್ಲಿಗೆ ಹೋಗಬೇಕು, ಚಿನ್ನ ಮನೆಯಲ್ಲೇ ಇರಬೇಕು. ಆದ್ದರಿಂದ ಗುಂಡಿ ಬಿಚ್ಚುವಂತಿರಬೇಕು. ಎರಡೂ ಕಡೆ ಉಪಯೋಗ ಮೊದಲು, ಅಲಂಕಾರ ಆಮೇಲೆ.

ಆರಿಸುವಾಗಲೂ ಇದನ್ನೇ ನೆನಪಿಡಿ. ಮೊದಲು ಅಂಗಿ ನೋಡಿ. ಕಫ್‌ನಲ್ಲಿ ಗುಂಡಿ ಇಲ್ಲದೆ ಎರಡೂ ಕಡೆ ಕಾಜಾ ಇದ್ದರೆ ಮಾತ್ರ ಕಫ್‌ಲಿಂಕ್ ಬೇಕು. ಮೊದಲ ಜೋಡಿ ಚಿಕ್ಕದಾಗಿ, ಸರಳವಾಗಿ, ಬೆಳ್ಳಿಯ ಬಣ್ಣದ್ದಾಗಿರಲಿ; ಕೈಗಡಿಯಾರ, ಬೆಲ್ಟಿನ ಬಕಲ್ಲು ಅದೇ ಬಣ್ಣದವಾದರೆ ಒಪ್ಪುತ್ತದೆ. ಹಗಲಿಗೆ ರೇಷ್ಮೆ ದಾರದ ಗಂಟಿನ ಲಿಂಕ್ ಸಾಕು, ಬೆಲೆಯೂ ಕಡಿಮೆ. ಸಂಜೆಯ ಕಪ್ಪು ಸೂಟಿಗೆ ಕಪ್ಪು ಕಲ್ಲಿನದು ಅಥವಾ ಮುತ್ತಿನ ಚಿಪ್ಪಿನದು ಚೆನ್ನ. ನಮ್ಮ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿ ಮಾಡುವ ಬಿದರಿ ಕಫ್‌ಲಿಂಕ್‌ಗಳೂ ಇದಕ್ಕೆ ಹೇಳಿ ಮಾಡಿಸಿದಂತಿವೆ.

ತೊಡುವುದು ಹೀಗೆ: ಕಫ್ ಹಿಂದಕ್ಕೆ ಮಡಚಿ. ನಾಲ್ಕು ಕಾಜಾಗಳನ್ನು ಒಂದೇ ಸಾಲಿಗೆ ತನ್ನಿ. ಅಂಚುಗಳು ಒಂದರ ಮೇಲೊಂದು ಕೂರಬಾರದು. ಕೈ ಮುಗಿದಾಗ ಅಂಗೈಗಳು ಸೇರುವಂತೆ ಒಳಮೈಗಳು ಸೇರಬೇಕು. ಅಲಂಕಾರದ ಮುಖ ಹೊರಗಿರುವಂತೆ ತೂರಿಸಿ, ಹಿಂದಿನ ಕಡ್ಡಿಯನ್ನು ಅಡ್ಡ ತಿರುಗಿಸಿ. ಕೋಟಿನ ತೋಳಿನಿಂದ ಕಫ್ ಸುಮಾರು ಅರ್ಧ ಅಂಗುಲ ಕಂಡರೆ ಸಾಕು. ಕಫ್‌ಲಿಂಕ್ ಕೈ ಎತ್ತಿದಾಗ ಮಿನುಗಬೇಕು, ಸದಾ ಎದ್ದು ಕಾಣಬೇಕಿಲ್ಲ.

ಕೊನೆಯದಾಗಿ ನಮ್ಮ ಮನೆಯ ಮಾತು. ಆ ಗುಂಡಿಗಳನ್ನು ಮದುವೆ ಮುಗಿದ ಮೇಲೆ ಕರಗಿಸಿ ಉಂಗುರ ಮಾಡಿಸುವುದೆಂದು ದೊಡ್ಡಪ್ಪ ನಿಶ್ಚಯಿಸಿದ್ದರು. ಚಿನ್ನ ಹಾಗೇ ಉಳಿಯುತ್ತಿತ್ತು ನಿಜ. ತಾತನ ಕೈ ದಿನವೂ ಮುಟ್ಟಿ ಸವೆಸಿದ ಆ ಹೂವಿನ ಕೆತ್ತನೆ ಉಳಿಯುತ್ತಿರಲಿಲ್ಲ. ನಾನು ಅಕ್ಕಸಾಲಿಗರನ್ನು ಕೇಳಿದೆ. ಇರುವ ಸರಪಳಿಯನ್ನೇ ಕತ್ತರಿಸಿ ಎರಡೆರಡು ಗುಂಡಿ ಜೋಡಿಸಿದರೆ ಒಂದು ಜೊತೆ ಕಫ್‌ಲಿಂಕ್ ಆಗುತ್ತದೆ, ಗುಂಡಿಗೆ ಕುಲುಮೆ ಬೇಕಿಲ್ಲ ಎಂದರು. ದೊಡ್ಡಪ್ಪ ಇನ್ನೂ ಹೂಂ ಎಂದಿಲ್ಲ. ಆದರೆ ಗುಂಡಿಗಳು ಸದ್ಯ ಅಜ್ಜಿಯ ಟ್ರಂಕಿಗೆ ಮರಳಿವೆ, ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಏನಿದೆಯೋ, ಅಂಗಡಿಗೆ ಹೋಗುವ ಮುನ್ನ ಒಮ್ಮೆ ತೆರೆದು ನೋಡಿ.