ಹೊರನಾಡಿನ ಪಗಾರ, ತವರಿನ ಸಂತೆ



ಪರದೇಶದಿಂದ ಊರಿಗೆ ಮರಳಿದವರನ್ನು ಬಾಗಲಕೋಟೆಯ ಕಡೆಯ ಜನ ಮೊದಲು ಕೇಳುವುದು 'ಆರಾಮ ಅದೀರೇನ್ರಿ?' ಎಂದು. ಎರಡನೆಯ ಪ್ರಶ್ನೆ, 'ಅಲ್ಲಿ ಪಗಾರ ಎಷ್ಟ ಇತ್ರಿ?' ಉತ್ತರ ಡಾಲರಿನಲ್ಲಿಯೋ ದಿರ್ಹಮಿನಲ್ಲಿಯೋ ಬರುತ್ತದೆ. ಕೇಳಿದವರು ಅದನ್ನು ಮನಸ್ಸಿನಲ್ಲಿಯೇ ರೂಪಾಯಿಗೆ ಗುಣಿಸಿ ಬೆರಗಾಗುತ್ತಾರೆ. ಮರಳಿ ಬಂದವರು ಇದೇ ಲೆಕ್ಕವನ್ನು ತಿರುವಿ ಹಾಕುತ್ತಾರೆ. ಸಂತೆಯ ಬದನೆಕಾಯಿಯ ಬೆಲೆಯನ್ನು ಡಾಲರಿಗೆ ಭಾಗಿಸಿ 'ಇಲ್ಲಿ ಎಲ್ಲವೂ ಅಗ್ಗ' ಎಂದುಕೊಳ್ಳುತ್ತಾರೆ. ಆರು ತಿಂಗಳು ಕಳೆದ ಮೇಲೆ, ತಂದ ಹಣ ಕರಗುವುದನ್ನು ಕಂಡು 'ಇಲ್ಲಿ ಎಲ್ಲವೂ ದುಬಾರಿ' ಎನ್ನುತ್ತಾರೆ. ಎರಡೂ ಮಾತು ಅರ್ಧ ನಿಜ. ಯಾವುದು ಅಗ್ಗ, ಯಾವುದು ದುಬಾರಿ, ಮುಖ್ಯವಾಗಿ ಯಾಕೆ ಅಗ್ಗ ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ಪೂರ್ತಿ ನಿಜ ಕಾಣುತ್ತದೆ.

ಈ ಲೆಕ್ಕ ಹೊಸದೇನಲ್ಲ. ಮೊರೊಕ್ಕೊ ದೇಶದ ಇಬ್ನ್ ಬತೂತ 1325ರಲ್ಲಿ ಮನೆ ಬಿಟ್ಟು ಹೊರಟವನು. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಬಳಿ ಖಾಜಿಯಾಗಿದ್ದ. ನಮ್ಮ ಹೊನ್ನಾವರವನ್ನೂ ಕಂಡಿದ್ದ. 1349ರಲ್ಲಿ ತಾಯ್ನಾಡಿಗೆ ಮರಳಿದಾಗ ತನ್ನ ದೇಶವೇ ಎಲ್ಲಕ್ಕಿಂತ ಮೇಲು ಎಂದು ಸಾರಿದ. ಅದಕ್ಕೆ ಅವನು ಕೊಟ್ಟ ಪುರಾವೆ ಕಾವ್ಯವಲ್ಲ, ಕುರಿಮಾಂಸದ ದರ! ಈಜಿಪ್ಟಿನಲ್ಲಿ ಇಷ್ಟು ತೂಕದ ಮಾಂಸಕ್ಕೆ ಅಲ್ಲಿಯ ಒಂದು ಬೆಳ್ಳಿ ದಿರ್ಹಮ್. ಅದು ಮೊರೊಕ್ಕೊದ ಆರು ದಿರ್ಹಮುಗಳಿಗೆ ಸಮ. ಅಷ್ಟೇ ಮಾಂಸಕ್ಕೆ ತನ್ನ ಊರಿನಲ್ಲಿ, ಬೆಲೆ ಏರಿದ ಕಾಲದಲ್ಲಿಯೂ, ಎರಡೇ ದಿರ್ಹಮ್. ತನ್ನ ನಾಡಿನ ನಾಣ್ಯ ಚಿಕ್ಕದು, ಆದರೆ ಅದರ ಪ್ರಯೋಜನ ದೊಡ್ಡದು ಎಂಬುದು ಅವನ ವಾದ. ನಾಣ್ಯಕ್ಕೆ ನಾಣ್ಯವನ್ನು ತೂಗದೆ ನಾಣ್ಯಕ್ಕೆ ಬರುವ ಪದಾರ್ಥವನ್ನು ತೂಗಿದ್ದು ಅವನ ಜಾಣತನ. ಆದರೆ ಆ ಎರಡು ದಿರ್ಹಮ್ ಗಳಿಸಲು ಮೊರೊಕ್ಕೊದ ಕೂಲಿಯವನು ಎಷ್ಟು ಹೊತ್ತು ದುಡಿಯಬೇಕು ಎಂಬ ಮಾತು ಆ ಲೆಕ್ಕದಲ್ಲಿ ಇಲ್ಲ.

ಇಬ್ನ್ ಬತೂತ ಮಾಡಿದ್ದನ್ನೇ ಇಂದಿನ ಅರ್ಥಶಾಸ್ತ್ರಜ್ಞರು ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ಸ್ವೀಡನ್ನಿನ ಗುಸ್ತಾವ್ ಕ್ಯಾಸೆಲ್ 1918ರಲ್ಲಿ ಇದಕ್ಕೆ 'ಕೊಳ್ಳುವ ಶಕ್ತಿಯ ಸಮಾನತೆ' ಎಂಬ ಅರ್ಥದ ಹೆಸರಿಟ್ಟ. ಹಲವು ದೇಶಗಳ ಬೆಲೆಗಳನ್ನು ಹೋಲಿಸುವ ಅಂತರರಾಷ್ಟ್ರೀಯ ಕಾರ್ಯಕ್ರಮ 1968ರಲ್ಲಿ ಶುರುವಾಯಿತು. ಅದರ 2017ರ ಲೆಕ್ಕ ಹೀಗಿದೆ: ಆ ವರ್ಷ ವಿನಿಮಯದಲ್ಲಿ ಒಂದು ಡಾಲರಿಗೆ ಸರಾಸರಿ 65.12 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಸೇವೆ ಭಾರತದಲ್ಲಿ ಸಿಗುತ್ತಿದ್ದುದು 20.65 ರೂಪಾಯಿಗೆ.

ಇದರಿಂದ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಎಂಟು ಗಂಟೆಗೆ 58 ಡಾಲರ್ ಆಯಿತು. 2017ರ ವಿನಿಮಯ ದರದಲ್ಲಿ ಅದು ಸುಮಾರು 3,777 ರೂಪಾಯಿ. ಆ ಸಾಲಿನಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 236 ರೂಪಾಯಿ. ಅಂತರ ಹದಿನಾರು ಪಟ್ಟು! ಕೊಳ್ಳುವ ಶಕ್ತಿಯಿಂದ ಅಳೆದರೆ ಅದೇ 58 ಡಾಲರ್ ಸುಮಾರು 1,198 ರೂಪಾಯಿಗೆ ಸಮ. ಅಂತರ ಐದು ಪಟ್ಟಿಗೆ ಇಳಿಯುತ್ತದೆ. ಊರ ಕಟ್ಟೆಯ ಮೇಲೆ ಕುಳಿತು ಬೆರಗಾದವರು ಆ ಹದಿನಾರನ್ನು ನೋಡುತ್ತಾರೆ. ಮರಳಿ ಬಂದವರು ಅಲ್ಲಿ ಬಾಳಿದ್ದು ಐದರ ಲೆಕ್ಕದಲ್ಲಿ. ಐದು ಪಟ್ಟು ಕೂಡ ಸಣ್ಣದಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಇಲ್ಲಿ ವಸ್ತುಗಳು ಯಾಕೆ ಅಗ್ಗ? ಈ ಪ್ರಶ್ನೆಗೆ ಉತ್ತರ ಇಳಕಲ್ಲಿನಲ್ಲಿಯೇ ಇದೆ. ಇಳಕಲ್ ಎರಡು ಸರಕುಗಳಿಗೆ ಹೆಸರಾದ ಊರು: ಒಂದು ಕೆಂಪು ಗ್ರಾನೈಟ್, ಇನ್ನೊಂದು ಸೀರೆ. ಗ್ರಾನೈಟ್ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಅದರ ಬೆಲೆಯನ್ನು ಜಗತ್ತಿನ ಪೇಟೆ ಗೊತ್ತು ಮಾಡುತ್ತದೆ. ಸೀರೆಯ ಕಥೆ ಬೇರೆ. ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಮನೆಯ ಹೆಂಗಸರು ಕಂಡಿಕೆ ಸುತ್ತಬೇಕು. ಅದರ ಬೆಲೆಯ ಬಹುಪಾಲು ಮನುಷ್ಯನ ಹೊತ್ತು. ಆ ಹೊತ್ತಿನ ಬೆಲೆಯನ್ನು ನ್ಯೂಯಾರ್ಕಿನ ಪೇಟೆ ಗೊತ್ತು ಮಾಡುವುದಿಲ್ಲ. ಹುನಗುಂದ ಸೀಮೆಯಲ್ಲಿ ಬೇರೆ ಕೆಲಸಕ್ಕೆ ಸಿಗುವ ಕೂಲಿ ಗೊತ್ತು ಮಾಡುತ್ತದೆ.

ಇದನ್ನು 1964ರಲ್ಲಿ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಬೇರೆ ಬೇರೆಯಾಗಿ ವಿವರಿಸಿದರು. ಕ್ಷೌರಿಕನ ಉದಾಹರಣೆ ತೆಗೆದುಕೊಳ್ಳಿ. ಇಳಕಲ್ಲಿನಲ್ಲಿರಲಿ, ಷಿಕಾಗೋದಲ್ಲಿರಲಿ, ಒಂದು ತಲೆಗೆ ಹಿಡಿಯುವ ಹೊತ್ತು ಹೆಚ್ಚು ಕಡಿಮೆ ಒಂದೇ. ಆದರೆ ಷಿಕಾಗೋದಲ್ಲಿ ಕಡಿಮೆ ಕೂಲಿ ಕೊಟ್ಟರೆ ಅವನು ಕತ್ತರಿ ಕೆಳಗಿಟ್ಟು ಕಾರ್ಖಾನೆಗೆ ಹೋದಾನು. ಯಂತ್ರಗಳಿಂದ ಹೆಚ್ಚು ಉತ್ಪಾದಿಸುವ ಕಾರ್ಖಾನೆ ಹೆಚ್ಚು ಕೊಡುವುದರಿಂದ ಕ್ಷೌರವೂ ದುಬಾರಿಯಾಗುತ್ತದೆ. ಇಳಕಲ್ಲಿನ ಕ್ಷೌರಿಕನಿಗೆ ಅಂಥ ಕಾರ್ಖಾನೆ ಕಾದಿಲ್ಲ. ಸರಿಯಾಗಿ ನೋಡಿದರೆ, ಮರಳಿ ಬಂದವರು 'ಅಗ್ಗ' ಎಂದು ಸಂತೋಷಪಡುವ ಕ್ಷೌರ, ಆಟೋ, ಮನೆಗೆಲಸ, ಹೊಲಿಗೆ, ಖಾನಾವಳಿಯ ಊಟ, ಇವೆಲ್ಲ ಮತ್ತೊಬ್ಬರ ಸಣ್ಣ ಪಗಾರದ ಇನ್ನೊಂದು ಹೆಸರು.

ಹೊರಗಿನ ಪೇಟೆಗೆ ಗಂಟು ಬಿದ್ದ ಸರಕು ಹೀಗಲ್ಲ. ಮೊಬೈಲು, ಕಂಪ್ಯೂಟರು, ವಿಮಾನದ ಟಿಕೇಟು, ಪೆಟ್ರೋಲು, ಚಿನ್ನ ಇವುಗಳಿಗೆ ತವರಿನ ಮಮತೆ ಇಲ್ಲ. ಮದುವೆಗೆ ಇಳಕಲ್ ಸೀರೆ ಊರಿನ ಕೂಲಿಯ ದರದಲ್ಲಿ ಸಿಕ್ಕೀತು, ಮಂಗಳಸೂತ್ರದ ಚಿನ್ನ ಮಾತ್ರ ಜಗತ್ತಿನ ದರಕ್ಕೇ. ಆದ್ದರಿಂದ 'ಊರಿನಲ್ಲಿ ಖರ್ಚು ಎಷ್ಟು?' ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಾರದು. ಬುಟ್ಟಿಯಲ್ಲಿ ಏನಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ರೊಟ್ಟಿ, ಕಾಳಿನ ಪಲ್ಯ, ಬಾಡಿಗೆ ಮನೆ, ಬಸ್ಸು ಇರುವ ಬುಟ್ಟಿ ಹಗುರ. ಆಮದಿನ ತಿಂಡಿ, ದೊಡ್ಡ ಕಾರು, ಹವಾನಿಯಂತ್ರಣ ಇರುವ ಬುಟ್ಟಿ ಅಲ್ಲಿಗಿಂತ ಭಾರ. ಪರದೇಶದಲ್ಲಿ ಜೋಳದ ಹಿಟ್ಟಿನ ಪೊಟ್ಟಣ ಹುಡುಕಿ ಅಲೆದವರಿಗೆ ಇದರ ಇನ್ನೊಂದು ಮಗ್ಗುಲೂ ಗೊತ್ತು. ಅಲ್ಲಿ ಇಲ್ಲಿಯಂತೆ ಬದುಕಿದರೆ ದುಬಾರಿ. ಇಲ್ಲಿ ಅಲ್ಲಿಯಂತೆ ಬದುಕಿದರೂ ದುಬಾರಿ.

ಒಂದೇ ವಸ್ತುವಿಗೆ ಎರಡು ಬೆಲೆ ಇರುವುದನ್ನು ಕಣ್ಣಾರೆ ಕಾಣಬೇಕೆಂದರೆ ಬಾದಾಮಿಯ ಮೇಣಬಸದಿಗಳ ಬಾಗಿಲಿಗೆ ಹೋಗಬೇಕು. ಪುರಾತತ್ವ ಇಲಾಖೆ 2018ರಲ್ಲಿ ಗೊತ್ತು ಮಾಡಿದ ದರದಂತೆ ಭಾರತೀಯರಿಗೆ 25 ರೂಪಾಯಿ, ವಿದೇಶೀಯರಿಗೆ 300. ಗುಹೆ ಅದೇ, ನಟರಾಜ ಅದೇ, ಬೆಲೆಯಲ್ಲಿ ಹನ್ನೆರಡು ಪಟ್ಟು ಅಂತರ. ಡಾಲರಿನಲ್ಲಿ ಗಳಿಸುವವನ 300 ರೂಪಾಯಿ ಬೇರೆ, ಇಲ್ಲಿ ಗಳಿಸುವವನ 300 ರೂಪಾಯಿ ಬೇರೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಪರದೇಶದ ಪೌರತ್ವ ಪಡೆದು ಸಾಗರೋತ್ತರ ಭಾರತೀಯ ಚೀಟಿ ಹೊಂದಿದವರಿಗೆ 2021ರ ಅಧಿಸೂಚನೆ ಸ್ಮಾರಕಗಳಲ್ಲಿ ಭಾರತೀಯರ ದರವನ್ನೇ ಕೊಟ್ಟಿತು. ಬಾದಾಮಿಯ ಬಾಗಿಲಿನಲ್ಲಂತೂ ಅವರು ಮನೆಯವರೇ.

ಲೆಕ್ಕದಲ್ಲಿ ಮರೆತುಹೋಗುವ ಇನ್ನೊಂದು ಬಾಬ್ತು ತೆರಿಗೆ. ಅಮೆರಿಕದಲ್ಲಿ ಮಕ್ಕಳ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಅದು ತೆರಿಗೆಯಲ್ಲಿ ಮೊದಲೇ ಸಂದಿರುತ್ತದೆ. ಬ್ರಿಟನ್ನಿನಲ್ಲಿ 1948ರಿಂದ ಆಸ್ಪತ್ರೆಯ ಚಿಕಿತ್ಸೆಯೂ ಹಾಗೆಯೇ. ಊರಿಗೆ ಮರಳಿದ ಕುಟುಂಬ ಖಾಸಗಿ ಶಾಲೆ, ಖಾಸಗಿ ದವಾಖಾನೆಗಳ ಹಾದಿ ಹಿಡಿದರೆ, ಅಲ್ಲಿ ತೆರಿಗೆಯಾಗಿ ಹೋಗುತ್ತಿದ್ದುದು ಇಲ್ಲಿ ಶುಲ್ಕವಾಗಿ ಹೋಗುತ್ತದೆ. ಜತೆಗೆ ಕುಡಿಯುವ ನೀರಿನ ಕ್ಯಾನು, ವಿದ್ಯುತ್ತು ಹೋದಾಗ ಬೇಕಾಗುವ ಇನ್ವರ್ಟರು ಸೇರುತ್ತವೆ. ದುಬೈ, ಅಬುಧಾಬಿಗಳಿಂದ ಬಂದವರ ಪಾಡು ಇನ್ನೊಂದು ಬಗೆ. ಅಲ್ಲಿ ಪಗಾರದ ಮೇಲೆ ವರಮಾನ ತೆರಿಗೆ ಇರಲಿಲ್ಲ. ಇಲ್ಲಿ ನೆಲೆಸಿ ಗಳಿಸತೊಡಗಿದರೆ ಇಲ್ಲಿಯ ತೆರಿಗೆ ಅನ್ವಯವಾಗುತ್ತದೆ.

'ಊರು' ಎಂದರೆ ಯಾವ ಊರು ಎಂಬುದೂ ಮುಖ್ಯ. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದ್ದಾರೆ. ಬೆಂಗಳೂರು ಮೊದಲ ದರ್ಜೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಎರಡನೆಯದು, ಬಾಗಲಕೋಟೆ ಮೂರನೆಯದು. 2024ರಿಂದ ಭತ್ಯೆ ಮೂಲ ವೇತನದ ಶೇಕಡಾ 30, 20 ಮತ್ತು 10. ಮೂಲ ವೇತನ 50,000 ರೂಪಾಯಿ ಎಂದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಬಾಡಿಗೆಗೆಂದು 15,000, ಬಾಗಲಕೋಟೆಯಲ್ಲಿ 5,000. ಪರದೇಶದಿಂದ ಬೆಂಗಳೂರಿಗೆ ಮರಳುವುದೂ ನವನಗರಕ್ಕೆ ಮರಳುವುದೂ ಒಂದೇ ಅಲ್ಲ. ಆದರೆ ಬಾಡಿಗೆ ಕಡಿಮೆ ಇರುವಲ್ಲಿ ತಕ್ಕ ಕೆಲಸವೂ ಕಡಿಮೆ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಮರಳಿ ಬರುವವರೆಂದರೆ ಎಂಜಿನಿಯರುಗಳು, ವೈದ್ಯರು ಮಾತ್ರವೇ? ಬಾದಾಮಿ, ಹುನಗುಂದ ಸೀಮೆಗಳಿಂದ ಮಳೆ ಕೈಕೊಟ್ಟಾಗ ಗೋವಾ, ಮಂಗಳೂರು, ಕೇರಳಗಳಿಗೆ ಗುಳೆ ಹೋಗುವವರಿದ್ದಾರೆ. ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಕಾನೂನಿನ ಕಣ್ಣಿಗೆ ಅದು ಪರದೇಶ. ಇನ್ನೊಂದೆಡೆ, ನಿಜವಾದ ಪರದೇಶವಾದ ಕೊಲ್ಲಿ ನಾಡುಗಳ ಪೇಟೆಗಳಲ್ಲಿ ಭಾರತದ ರೂಪಾಯಿಯೇ ಓಡಾಡುತ್ತಿತ್ತು. ಅಲ್ಲಿಗೆಂದೇ 1959ರಲ್ಲಿ ರಿಸರ್ವ್ ಬ್ಯಾಂಕ್ ಬೇರೆ ನೋಟು ಹೊರಡಿಸಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಆ ಬಳಕೆ ಬಹುಮಟ್ಟಿಗೆ ನಿಂತಿತು. ಹಣ ಒಂದೇ ಆದರೂ ಕೂಲಿ ಬೇರೆ ಬೇರೆ ಇರಬಲ್ಲದು ಎಂಬುದನ್ನು ಇಂದು ಕೇರಳ ತೋರಿಸುತ್ತದೆ. ರಿಸರ್ವ್ ಬ್ಯಾಂಕಿನ 2022-23ರ ಅಂಕಿಗಳಂತೆ ಗ್ರಾಮೀಣ ಕಟ್ಟಡ ಕೆಲಸದ ದಿನಗೂಲಿ ಕೇರಳದಲ್ಲಿ ಸುಮಾರು 852 ರೂಪಾಯಿ, ದೇಶದ ಸರಾಸರಿ ಸುಮಾರು 393. ಗುಳೆ ಹೋದವರು ಶೆಡ್ಡಿನಲ್ಲಿ ಮಲಗಿ, ಅಲ್ಲಿ ಗಳಿಸಿ ಇಲ್ಲಿ ಖರ್ಚು ಮಾಡುವುದು ಈ ಅಂತರದಿಂದಲೇ. ವಿನಿಮಯ ದರ ಎಂಬ ಪದ ಕೇಳದವರೂ ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು.

ಹುನಗುಂದ ತಾಲ್ಲೂಕಿನ ಐಹೊಳೆಗೂ ಈ ವಿದ್ಯೆ ಹೊಸದಲ್ಲ. ಆ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವಣಿಕ ಸಂಘ ಕಡಲಾಚೆಗೂ ವ್ಯಾಪಾರ ಮಾಡಿತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ಈ ಐನೂರ್ವರದೇ ಆದ 1088ರ ತಮಿಳು ಶಾಸನ ಸಿಕ್ಕಿದೆ. ಹಡಗಿನವರು ಸಲ್ಲಿಸಬೇಕಾದ ಶುಲ್ಕವನ್ನು ಕಸ್ತೂರಿಯ ಬೆಲೆಗೆ ಸರಿಹೊಂದಿಸಿ ಚಿನ್ನದಲ್ಲಿ ಕೊಡಬೇಕೆಂದು ಅದರಲ್ಲಿ ಗೊತ್ತು ಮಾಡಲಾಗಿದೆ. ಹಲವು ನಾಡುಗಳಲ್ಲಿ ವ್ಯವಹರಿಸಿದವರು ಚಿನ್ನದ ತೂಕವನ್ನಷ್ಟೇ ನಂಬದೆ ಅದನ್ನು ಒಂದು ಪದಾರ್ಥದ ಬೆಲೆಗೆ ಕಟ್ಟಿಹಾಕಿದ್ದರು.

ನಮ್ಮ ಸೀಮೆಗೆ ಕಸ್ತೂರಿ ಬೇಡ, ಬಿಳಿಜೋಳ ಸಾಕು. 2024-25ರಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349. ಬೆಂಬಲ ಬೆಲೆಯ ಲೆಕ್ಕದಲ್ಲಿ ಒಂದು ದಿನದ ದುಡಿಮೆ ಎಂದರೆ ಸುಮಾರು ಹತ್ತು ಕಿಲೋ ಜೋಳ. ಮರಳಿ ಬರುವ ವಿಚಾರದಲ್ಲಿರುವವರು ಇದೇ ಬಗೆಯ ಪಟ್ಟಿ ಬರೆದುಕೊಳ್ಳಬಹುದು. ಒಂದು ತಿಂಗಳ ಧಾನ್ಯ, ಬಾಡಿಗೆ, ಮಕ್ಕಳ ಶಾಲೆ, ತಂದೆ ತಾಯಿಯ ಔಷಧ, ವರ್ಷಕ್ಕೊಮ್ಮೆಯ ಪ್ರಯಾಣ, ಇವಕ್ಕೆ ಅಲ್ಲಿ ಎಷ್ಟು ದಿನದ ದುಡಿಮೆ ಬೇಕಾಗುತ್ತಿತ್ತು? ಇಲ್ಲಿ ಸಿಗಲಿರುವ ಕೆಲಸದಲ್ಲಿ ಎಷ್ಟು ದಿನ ಬೇಕು? ಡಾಲರನ್ನೂ ರೂಪಾಯಿಯನ್ನೂ ಬದಿಗಿಟ್ಟು ದಿನಗಳನ್ನು ಎಣಿಸಿದರೆ ಭ್ರಮೆ ಕಳೆಯುತ್ತದೆ. ಕೂಡಿಟ್ಟ ಡಾಲರಿನಿಂದ ಬದುಕುವುದು ಬೇರೆ, ಇಲ್ಲಿ ಗಳಿಸಿ ಬದುಕುವುದು ಬೇರೆ ಎಂಬುದೂ ಆಗ ಸ್ಪಷ್ಟವಾಗುತ್ತದೆ. ಮೊದಲನೆಯವರಿಗೆ ಊರು ಅಗ್ಗ. ಎರಡನೆಯವರಿಗೆ ಊರು ತನ್ನ ಜನರಿಗೆ ಹೇಗೋ ಹಾಗೆ.

ಕೊನೆಯದಾಗಿ, ಈ ಲೆಕ್ಕದಲ್ಲಿ ಒಂದು ಋಣವಿದೆ. ಪರದೇಶದಲ್ಲಿ ನಲ್ಲಿ ರಿಪೇರಿಗೆ ಬಂದವನಿಗೆ ಕೇಳಿದಷ್ಟು ತೆತ್ತವರು, ಊರಿನಲ್ಲಿ ಸೀರೆ ನೇಯ್ದವನೊಡನೆ ನೂರು ರೂಪಾಯಿಗೆ ಚೌಕಾಸಿ ಮಾಡುವುದುಂಟು. ಆ ನೂರು ಡಾಲರಿಗೆ ಭಾಗಿಸಿದರೆ ಸಣ್ಣದು. ಜೋಳಕ್ಕೆ ಭಾಗಿಸಿದರೆ ಮೂರು ಕಿಲೋ. ಅಂಥವರ ಮಕ್ಕಳಿಗೂ ಒಳ್ಳೆಯ ಕೂಲಿಯ ಕೆಲಸ ಇಲ್ಲೇ ಸಿಗುವಂತಾದ ದಿನ ಊರು ಇಷ್ಟು ಅಗ್ಗವಾಗಿ ಉಳಿಯುವುದಿಲ್ಲ. ಆಗ ಸೀರೆಗೆ ಹೆಚ್ಚು ಕೊಡಬೇಕಾದೀತು, ಕ್ಷೌರಕ್ಕೂ ಹೆಚ್ಚು ಕೊಡಬೇಕಾದೀತು. ಗುಳೆ ಹೋಗುವ ಬಸ್ಸುಗಳಲ್ಲಿ ಮಾತ್ರ ಜನ ಕಡಿಮೆಯಾದಾರು. ಅಂಥ ತುಟ್ಟಿಯ ಕಾಲ ಇಳಕಲ್ಲಿಗೂ ಹುನಗುಂದಕ್ಕೂ ಬೇಗ ಬರಲಿ.